ರೌಟರಿಗೆ ಮೊಳೆ ಹೊಡೆಯುವ ಮುನ್ನ

ವೈಫೈ ನಿಧಾನವಾದರೆ ನಮ್ಮ ಕಡೆ ಬೈಗುಳಕ್ಕೆ ಬರವಿಲ್ಲ. ಹಂಪಿಯಲ್ಲಿ ಬಂಡೆಗಳನ್ನು ದೂರುತ್ತಾರೆ, ಸಂಡೂರಿನಲ್ಲಿ ಅದಿರಿನ ಗುಡ್ಡವನ್ನು, ಹೊಸಪೇಟೆ, ಕಂಪ್ಲಿಗಳಲ್ಲಿ ಕಂಪನಿಯನ್ನು. ಮೊಬೈಲ್ ಟವರಿನ ಮಾತಾದರೆ ಬಂಡೆ, ಗುಡ್ಡ ಅಡ್ಡ ಬರುವುದು ನಿಜ. ಆದರೆ ಕೇಬಲ್ಲಿನಲ್ಲಿ ಹೊಸ್ತಿಲು ದಾಟಿ ಬಂದ ಇಂಟರ್ನೆಟ್ಟು ಹಿಂದಿನ ಕೋಣೆಗೆ ತಲುಪದಿದ್ದರೆ ತಪ್ಪು ಗುಡ್ಡದ್ದಲ್ಲ. ಅದನ್ನು ನುಂಗುವವರು ಮನೆಯೊಳಗೇ ಇದ್ದಾರೆ.

ನಾನು ಕಂಡ ಹೆಚ್ಚಿನ ಮನೆಗಳಲ್ಲಿ ರೌಟರ್ ಕೂತಿರುವುದು ಪಡಸಾಲೆಯ ಟಿವಿ ಹಿಂದೆ. ಪಕ್ಕದಲ್ಲಿ ಕಬ್ಬಿಣದ ಬೀರು, ಅದಕ್ಕೊಂದು ಆಳೆತ್ತರದ ಕನ್ನಡಿ. ಲೋಹವೂ ಕನ್ನಡಿಯ ಹಿಂಬದಿಯ ಲೇಪವೂ ರೇಡಿಯೋ ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ. ತುಂಬಿದ ನೀರಿನ ಡ್ರಮ್ಮು ಅದನ್ನು ಹೀರುತ್ತದೆ. ಹಳೇ ಮನೆಯ ಮೊಳ ದಪ್ಪದ ಕಲ್ಲುಗೋಡೆ ಉಳಿದದ್ದನ್ನು ಮುಗಿಸುತ್ತದೆ. ಇನ್ನು 2.4 ಗಿಗಾಹರ್ಟ್ಸ್ ತರಂಗವೆಂದರೆ ಊರ ಗೋಮಾಳವಿದ್ದಂತೆ. ಭಾರತದಲ್ಲಿ 2005ರಿಂದ ಅದರ ಬಳಕೆಗೆ ಪರವಾನಗಿ ಬೇಕಿಲ್ಲ. ಬ್ಲೂಟೂತೂ ನೆರೆಮನೆಯ ರೌಟರೂ ಅಲ್ಲೇ ಮೇಯುತ್ತವೆ. ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಯೂ ಅಲ್ಲಿಗೇ ನುಗ್ಗುತ್ತದೆ.

ಪರಿಹಾರಕ್ಕೆ ದುಬಾರಿ ಪ್ಲಾನ್ ಬೇಡ, ನಾಲ್ಕು ಮಾರು ಕೇಬಲ್ ಸಾಕು. ರೌಟರನ್ನು ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ತೆರೆದ ಜಾಗದಲ್ಲಿಡಿ. 1, 6, 11ನೇ ಚಾನೆಲ್‌ಗಳಲ್ಲಿ ನೆರೆಯವರ ಗದ್ದಲ ಕಡಿಮೆಯಿರುವುದನ್ನು ಆರಿಸಿ. ಹತ್ತಿರ ಕೂರುವವರು 5 ಗಿಗಾಹರ್ಟ್ಸ್ ಹಿಡಿಯಲಿ. ಅದಕ್ಕೆ ವೇಗ ಹೆಚ್ಚು, ಗೋಡೆ ದಾಟುವ ಕಸುವು ಕಡಿಮೆ.

ಇಷ್ಟು ಸುಲಭದ್ದನ್ನು ಯಾಕೆ ಮಾಡುವುದಿಲ್ಲ? ಪಡಸಾಲೆ ಯಜಮಾನನದು, ಅವನ ಕ್ರಿಕೆಟ್ ನಿಲ್ಲಬಾರದು. ಹಿಂದಿನ ಕೋಣೆಯಿಂದ ಮಗಳು "ಯಪ್ಪಾ, ನೆಟ್ ಬರವಲ್ದು" ಅಂದರೆ, "ಇಲ್ಲೇ ಬಂದು ಕುಂತು ಓದು" ಎಂಬ ಉತ್ತರ ಸಿದ್ಧವಿದೆ. ಅಲ್ಲಿ ಟಿವಿಯ ಅಬ್ಬರ, ಬಂದುಹೋಗುವವರ ಕಣ್ಣು, ನಡುನಡುವೆ ಚಹಾ ಮಾಡುವ ಕೆಲಸ. ಇದನ್ನು ನಾನು ತಾಂತ್ರಿಕ ದೋಷ ಎನ್ನಲಾರೆ.

ಹಾಸ್ಟೆಲಿನ ಮೊಬೈಲ್ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿ ಫಹೀಮಾ ಶಿರಿನ್ ಪ್ರಕರಣದಲ್ಲಿ, 2019ರಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಬಳಕೆಯನ್ನು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು. ಹಾಸ್ಟೆಲಿನ ವಾರ್ಡನ್ ಮಾಡಿದರೆ ತಪ್ಪಾಗುವುದು, ಮನೆಯಲ್ಲಿ ಒಂದು ಮೊಳೆ ಮಾಡಿದರೆ ಸರಿಯೇ?

ಮನೆಯಲ್ಲಿ ಓದುವವರು ಎಲ್ಲಿ ಕೂರುತ್ತಾರೆಂದು ಮೊದಲು ಕೇಳಿ. ಆಮೇಲೆ ರೌಟರಿಗೆ ಮೊಳೆ ಹೊಡೆಯಿರಿ.