ಎರೆ ಮಣ್ಣಿಗೆ ವಿಮಾನ ಇಳಿಸುವ ಮುನ್ನ

ಜಿಲ್ಲೆಗೊಂದು ವಿಮಾನ ಪಟ್ಟಿ ಎಂಬ ಮಾತು ಎದ್ದಾಗಲೆಲ್ಲ ಬಳ್ಳಾರಿ ಕಡೆ ಚಹಾದಂಗಡಿಗಳಲ್ಲಿ ಒಂದು ವಾದ ಹುಟ್ಟುವುದುಂಟು. "ಡಾಂಬರು ಯಾಕ್ ಬೇಕ್ರೀ? ಸಣ್ಣ ವಿಮಾನ ತಾನೆ, ಹುಲ್ಲಿನ ಬಯಲು ಇದ್ರ ಸಾಕು, ಇಳೀತೈತಿ."

ಮಾತು ಸುಳ್ಳಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ಮುಂಬಯಿಯ ಜುಹುವಿಗೆ ಬಂದಿಳಿದದ್ದು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದೇ ಟಪಾಲನ್ನು ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದರು. ಜುಹುವಿನಲ್ಲಿ ಆಗ ಇದ್ದದ್ದು ಬರೀ ಮಣ್ಣಿನ ಬಯಲು. ಆದರೆ ಉಳಿದರ್ಧ ಕತೆ ಯಾರೂ ಹೇಳೋದಿಲ್ಲ. ಮಳೆಗಾಲ ಬಂದರೆ ಆ ಬಯಲಲ್ಲಿ ನೀರು ನಿಲ್ಲುತ್ತಿತ್ತು. ಕಂಪನಿಯವರು ಗಂಟುಮೂಟೆ ಕಟ್ಟಿ ಪುಣೆಯ ಯರವಾಡಕ್ಕೆ ಹೋಗುತ್ತಿದ್ದರು. ಟಾಟಾ ಅವರಿಗೇ ಕೆಸರಿನ ಜೊತೆ ಜಗಳ ಸಾಧ್ಯವಾಗಲಿಲ್ಲ.

ಮೆತ್ತನೆ ನೆಲದಲ್ಲಿ ಅಪಾಯ ಇರುವುದು ಮುಂಗಾಲಿಯಲ್ಲಿ. ಈಗಿನ ಸಣ್ಣ ವಿಮಾನಗಳು ಹೆಚ್ಚಿನವು ಆಟೋದಂತೆ, ಮುಂದೊಂದು ಹಿಂದೆರಡು ಗಾಲಿ. ಮುಂಗಾಲಿ ಹೂತರೆ ವಿಮಾನ ಮೂತಿ ಊರಿ ಪಲ್ಟಿ ಹೊಡೆಯುತ್ತದೆ. ಅದಕ್ಕೇ ಬಲ್ಲ ಪೈಲಟ್ ಎಂಜಿನ್ನನ್ನು ಪೂರ್ತಿ ಇಳಿಸದೆ, ಒಂದಿಷ್ಟು ಶಕ್ತಿ ಉಳಿಸಿಕೊಂಡು, ಹಿಂದಿನೆರಡು ಗಾಲಿಗಳನ್ನು ಹಗುರಾಗಿ ತಾಗಿಸುತ್ತಾನೆ. ಹಿಡಿಕೆಯನ್ನು ಎದೆಯ ಕಡೆಗೆ ಎಳೆದೇ ಹಿಡಿದು, ಮೂತಿಯನ್ನು ಆದಷ್ಟು ಹೊತ್ತು ಮೇಲೆಯೇ ಇಡುತ್ತಾನೆ. ಬ್ರೇಕಿನ ತಂಟೆಗೆ ಹೋಗುವುದಿಲ್ಲ. ಗಟ್ಟಿ ನೆಲ ಸಿಗುವ ತನಕ ನಿಲ್ಲುವುದೂ ಇಲ್ಲ. ನಿಂತರೆ ಹೂತ ಲಾರಿಯ ಗತಿಯೇ.

ಹುಲ್ಲು ಒದ್ದೆಯಾದರೆ ಇನ್ನೊಂದು ಪೀಕಲಾಟ: ಗಾಲಿ ಜಾರುತ್ತದೆ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಲೆಕ್ಕದಂತೆ ಇಳಿಯಲು ಬೇಕಾದ ದೂರಕ್ಕೆ ಒಣ ಹುಲ್ಲಿನಲ್ಲಿ ಶೇ. 15, ಒದ್ದೆ ಹುಲ್ಲಿನಲ್ಲಿ ಶೇ. 35 ಸೇರಿಸಬೇಕು. ಅದರ ಮೇಲೆ ಸುರಕ್ಷತೆಗೆಂದು ಮತ್ತೆ ಶೇ. 43. ಅಂದರೆ ಡಾಂಬರಿನಲ್ಲಿ 400 ಮೀಟರು ಕೇಳುವ ವಿಮಾನಕ್ಕೆ ಒದ್ದೆ ಹುಲ್ಲಿನಲ್ಲಿ 770 ಮೀಟರಿನಷ್ಟು ಇರಬೇಕು. ದಿನಸಿ ಅಂಗಡಿಯವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಯೋಜನೆ ಬರೆಯುವವರಿಗೆ ತಿಳಿದರೆ ಸಾಕು.

ಇನ್ನು ಬಳ್ಳಾರಿ ಸೀಮೆಯ ಎರೆ ಮಣ್ಣು! ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು, ಮಳೆ ಬಿದ್ದರೆ ಅಂಟು. ಚಪ್ಪಲಿಗೆ ಸೇರುಗಟ್ಟಲೆ ಮೆತ್ತುವ ಮಣ್ಣು ವಿಮಾನದ ಗಾಲಿಯನ್ನು ಬಿಟ್ಟೀತೇ? ಇಳಿದ ಮೇಲೆ ಏರುವುದು ಇನ್ನೂ ಕಷ್ಟ, ಕೆಸರು ಗಾಲಿಯನ್ನು ಹಿಡಿದೆಳೆಯುತ್ತದೆ. ನೀರು ಬಸಿಯುವ ಮಸಾರಿ ನೆಲವೂ ಇದೇ ಸೀಮೆಯಲ್ಲಿದೆ. ಜಾಗ ಹುಡುಕುವವರು ಸರ್ವೆ ನಂಬರಿಗಿಂತ ಮೊದಲು ಮಣ್ಣು ಮುಟ್ಟಿ ನೋಡಲಿ.

ಹುಲ್ಲಿನ ಪಟ್ಟಿ ಅಗ್ಗ ಎಂಬುದೂ ಅರ್ಧ ಸತ್ಯವೇ. ಹುಲ್ಲು ಕತ್ತರಿಸಬೇಕು, ಗುಂಡಿ ಮುಚ್ಚಬೇಕು, ರೋಲರು ಓಡಿಸಬೇಕು, ಎಮ್ಮೆ ನುಗ್ಗದಂತೆ ಬೇಲಿ ಬೇಕು. ಮಳೆ ನಿಂತ ಮೇಲೆ ಪಟ್ಟಿಯ ಉದ್ದಕ್ಕೂ ನಡೆದು ನೋಡಿ, ಪೈಲಟ್‌ಗೆ "ಇವತ್ತು ಬರಬೇಡಿ" ಎನ್ನುವ ಅಧಿಕಾರ ಯಾರ ಕೈಲಿ? ಅದನ್ನು ಮೊದಲು ಕಾಗದದ ಮೇಲೆ ಬರೆದಿಡಲಿ. ಶಂಕುಸ್ಥಾಪನೆಯ ಕಲ್ಲು ಆಮೇಲೆ ಕೆತ್ತಿಸಿದರಾಯಿತು.