ಸಿಂಹಕ್ಕೆ ಕಾವಲುಂಟೆ?

ಆಟವೆಂಬುದು ಹೊತ್ತು ಕಳೆಯುವ ಉಪಾಯವೆಂದು ಅಲಕ್ಷ್ಯ ಮಾಡುವವರು ಬಹುಮಂದಿ. ಆದರೆ ಒಂದು ನಿಯಮವನ್ನು ಓದಿ ಅದರ ಅರ್ಥವನ್ನು ನ್ಯಾಯವಾಗಿ ನಿರ್ಣಯಿಸುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಯಿಸುವುದಕ್ಕೆ ಆಟಕ್ಕಿಂತ ಸುಲಭವಾದ ಸಾಧನವು ಮತ್ತೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಜಪಾನ್ ದೇಶದ ಹಳೆಯ ಚದುರಂಗವೊಂದರಿಂದ ಇದನ್ನು ವಿಶದಪಡಿಸುವೆನು.

ನಮ್ಮ ದೇಶದಲ್ಲಿ ಹುಟ್ಟಿದ ಚದುರಂಗವು ಪೂರ್ವದಿಕ್ಕಿಗೆ ಸಂಚರಿಸಿ ಜಪಾನಿನಲ್ಲಿ ‘ಶೋಗಿ’ ಎಂಬ ಹೆಸರನ್ನು ಪಡೆಯಿತೆಂದು ವಿದ್ವಾಂಸರು ಹೇಳುವರು. ಅಲ್ಲಿ ಈಗ ಎಲ್ಲರೂ ಆಡುವ ಶೋಗಿಗೆ 81 ಮನೆಗಳು, 40 ಕಾಯಿಗಳು. ಅದರಲ್ಲಿ ಹೊಡೆದ ಕಾಯಿಯನ್ನು ಹೊಡೆದವರೇ ತಮ್ಮ ಪಕ್ಷಕ್ಕೆ ಸೇರಿಸಿಕೊಂಡು ಮರಳಿ ಹಲಗೆಯ ಮೇಲೆ ಇಡಬಹುದು. ಇದಲ್ಲದೆ ‘ಚು ಶೋಗಿ’, ಎಂದರೆ ನಡುತರದ ಶೋಗಿ, ಎಂಬ ಹಳೆಯ ಆಟವೊಂದುಂಟು. ಅದಕ್ಕೆ 144 ಮನೆಗಳು, ಒಬ್ಬೊಬ್ಬರಿಗೆ 46 ಕಾಯಿಗಳು. ಇದರಲ್ಲಿ ಹೊಡೆದ ಕಾಯಿಯು ಮರಳಿ ಬಾರದು, ಹೋದದ್ದು ಹೋದಂತೆಯೇ.

ಈ ಆಟದ ಮುಖ್ಯ ವೀರನು ಸಿಂಹ. ಅದು ಒಂದೇ ಸರದಿಯಲ್ಲಿ ರಾಜನಂತೆ ಎರಡು ಹೆಜ್ಜೆ ನಡೆಯಬಲ್ಲುದು. ಎರಡು ಕಾಯಿಗಳನ್ನು ಒಟ್ಟಿಗೆ ಹೊಡೆಯಬಲ್ಲುದು. ಪಕ್ಕದ ಕಾಯಿಯನ್ನು ಹೊಡೆದು ತನ್ನ ಮನೆಗೇ ಹಿಂದಿರುಗಬಲ್ಲುದು. ಇಂತಹ ಕಾಯಿಗಳೆರಡೂ ಆರಂಭದಲ್ಲಿಯೇ ಒಂದಕ್ಕೊಂದು ಬಲಿಯಾದರೆ ಆಟದ ಸ್ವಾರಸ್ಯವೇ ಹಾಳಾಗುವುದು. ಆದುದರಿಂದ ಹಿಂದಿನವರು ಕೆಲವು ಕಟ್ಟಳೆಗಳನ್ನು ಮಾಡಿದರು. ಪಕ್ಕದ ಮನೆಯಲ್ಲಿರುವ ಎದುರು ಸಿಂಹವನ್ನು ನಮ್ಮ ಸಿಂಹವು ಯಾವಾಗಲೂ ಹೊಡೆಯಬಹುದು. ಒಂದು ಮನೆ ಆಚೆಗಿರುವ ಸಿಂಹಕ್ಕೆ ಕಾವಲಿದ್ದರೆ ಅದನ್ನು ಹೊಡೆಯಕೂಡದು. ಅದರೊಡನೆ ಪದಾತಿಗಿಂತಲೂ ‘ಮಧ್ಯಸ್ಥ’ನೆಂಬ ಕಾಯಿಗಿಂತಲೂ ಮೇಲಾದ ಬೇರೊಂದು ಕಾಯಿಯನ್ನೂ ಹೊಡೆಯುವುದಾದರೆ ಮಾತ್ರ ಅಪ್ಪಣೆಯುಂಟು. ಸಿಂಹವಲ್ಲದ ಕಾಯಿಯೊಂದು ಸಿಂಹವನ್ನು ಹೊಡೆದರೆ, ಎದುರಾಳಿಯು ಒಡನೆಯೇ ಸಿಂಹವಲ್ಲದ ಕಾಯಿಯಿಂದ ಬೇರೆ ಮನೆಯಲ್ಲಿರುವ ಸಿಂಹವನ್ನು ಹೊಡೆದು ಸೇಡು ತೀರಿಸಿಕೊಳ್ಳಕೂಡದು.

ಇನ್ನು ಸಂದೇಹವನ್ನು ನೋಡೋಣ. ನಮ್ಮ ಸಿಂಹದ ಬೆನ್ನ ಹಿಂದೆ ಎದುರಾಳಿಯ ‘ಹಾರುವ ರಥ’ವಿದೆ, ಅದು ನೇರವಾದ ಗೆರೆಯಲ್ಲಿ ಎಷ್ಟು ದೂರವಾದರೂ ಓಡುವುದು. ಅದೇ ಗೆರೆಯ ಮುಂದುಗಡೆ, ಒಂದು ಬರಿಯ ಮನೆಯಾಚೆ, ಎದುರಾಳಿಯ ಸಿಂಹವಿದೆ. ದಾರಿಯಲ್ಲಿ ನಮ್ಮ ಸಿಂಹವೇ ಅಡ್ಡವಾಗಿರುವುದರಿಂದ ರಥದ ಕಾವಲು ಈಗ ಕಾಣುವುದಿಲ್ಲ. ನಾವು ನೆಗೆದು ಆ ಸಿಂಹವನ್ನು ಹೊಡೆದೊಡನೆ ದಾರಿ ತೆರೆಯುವುದು. ರಥವು ಬಂದು ನಮ್ಮ ಸಿಂಹವನ್ನು ಹೊಡೆಯುವುದು. ಇಂತಹ ಮರೆಯ ಕಾವಲಿಗೆ ಜಪಾನೀಯರು ‘ನೆರಳುಗಾಲು’ ಎಂಬರ್ಥದ ಹೆಸರನ್ನಿಟ್ಟಿದ್ದಾರೆ. ಇದನ್ನು ಕಾವಲೆಂದು ಎಣಿಸಬೇಕೋ, ಬೇಡವೋ?

ಎಣಿಸಬೇಕೆಂದೇ ನನ್ನ ಮತ. ಎರಡು ಸಿಂಹಗಳೂ ಒಂದರ ಹಿಂದೊಂದು ಸಾಯುವುದನ್ನು ತಪ್ಪಿಸುವುದಕ್ಕಾಗಿಯೇ ಕಟ್ಟಳೆ ಹುಟ್ಟಿತಷ್ಟೆ. ಇಲ್ಲಿಯೂ ಅದೇ ಅನರ್ಥವು ಸಂಭವಿಸುವುದು. ಕಾವಲು ನಡೆಗೆ ಮುಂಚೆ ಕಂಡಿತೋ ಅನಂತರ ಕಂಡಿತೋ ಎಂಬುದರಿಂದ ಫಲದಲ್ಲಿ ಭೇದವಿಲ್ಲ.

ಇದಕ್ಕೆ ಪ್ರತಿವಾದವಿಲ್ಲದೆ ಇಲ್ಲ. ಕಣ್ಣಿಗೆ ಕಾಣುವ ಕಾವಲನ್ನೇ ಕಾವಲೆನ್ನುವುದು ಸರಳವೆಂದು ಕೆಲವರು ಹೇಳಬಹುದು. ಅಲ್ಲದೆ, ಪಕ್ಕದ ಸಿಂಹವನ್ನು ಕಾವಲಿದ್ದರೂ ಹೊಡೆಯಲು ಕಟ್ಟಳೆಯೇ ಒಪ್ಪಿರುವಾಗ ಅದರ ಉದ್ದೇಶವನ್ನು ಇಷ್ಟು ದೂರ ಎಳೆಯಬಹುದೆ ಎಂದೂ ಕೇಳಬಹುದು. ಈ ಎರಡನೆಯ ಮಾತು ಬಲವುಳ್ಳದ್ದು. ಆದರೆ ಕಟ್ಟಳೆಯು ಬಾಯ್ಬಿಟ್ಟು ಹೇಳಿದ ವಿನಾಯಿತಿಯನ್ನು ಗೌರವಿಸುವುದು ಬೇರೆ. ಹೇಳದ ವಿನಾಯಿತಿಯನ್ನು ನಮ್ಮ ಅನುಕೂಲಕ್ಕಾಗಿ ಕಲ್ಪಿಸಿಕೊಳ್ಳುವುದು ಬೇರೆ.

ಯಾವ ಅರ್ಥವನ್ನು ಹಿಡಿದರೂ ಅದನ್ನು ಕಾಯಿ ಹೂಡುವುದಕ್ಕೆ ಮುಂಚೆಯೇ ಇಬ್ಬರೂ ಒಪ್ಪಿಕೊಳ್ಳಬೇಕು. ಆಗ ಯಾರಿಗೆ ಲಾಭ, ಯಾರಿಗೆ ನಷ್ಟವೆಂಬುದು ಯಾರಿಗೂ ತಿಳಿಯದು, ಬುದ್ಧಿಯು ನಿಷ್ಪಕ್ಷಪಾತವಾಗಿರುವುದು. ಸಿಂಹವು ಅಪಾಯದಲ್ಲಿ ಸಿಕ್ಕಿದ ಮೇಲೆ ಮಾಡುವ ವ್ಯಾಖ್ಯಾನವು ವ್ಯಾಖ್ಯಾನವಲ್ಲ, ವಕಾಲತ್ತು. ಅದರಲ್ಲಿ ಗಟ್ಟಿ ಗಂಟಲಿನವರು ಗೆಲ್ಲುವರು, ಮೆತ್ತಗಿನವರು ಸೋಲುವರು.

ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಮನೆಯಲ್ಲಿ ಮಕ್ಕಳು ಪಗಡೆಯನ್ನೋ ಚದುರಂಗವನ್ನೋ ಹಾಸಿಕೊಂಡು ಕಟ್ಟಳೆಯ ವಿಷಯದಲ್ಲಿ ಜಗಳವಾಡಿದಾಗ, ಗದರಿಸಿ ಹಲಗೆಯನ್ನು ಮಡಿಸಿಡಬೇಡಿರಿ. “ಈ ಕಟ್ಟಳೆಯನ್ನು ಏತಕ್ಕೆ ಮಾಡಿದರು?” ಎಂದು ಕೇಳಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕರಾರು ಪತ್ರಗಳಿಗೂ ಸಂಘಗಳ ನಿಬಂಧನೆಗಳಿಗೂ ರುಜು ಹಾಕುವವರು ಅನೇಕರಿದ್ದಾರೆ. ಆ ಪ್ರಶ್ನೆಯನ್ನು ರುಜುವಿಗೆ ಮುಂಚೆ ಕೇಳುವುದು ಎಷ್ಟು ಅವಶ್ಯಕವೆಂಬುದನ್ನು ಅವರಿಗೆ ನಾನು ಹೇಳಬೇಕಾದುದಿಲ್ಲ.