ಎಲ್ಲರ ಕೈಗೂ ಒಂದೇ ಪುಸ್ತಕ ಕೊಡೋದು ನಿಲ್ಲಿಸೋಣ

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ಏಪ್ರಿಲ್ 14 ಬಂತು ಅಂದ್ರೆ ನಮ್ಮ ಕಡೆ ಪುಸ್ತಕ ಹಂಚೋದು ವಾಡಿಕೆ. ತೊಂಡೇಬಾವಿ ಸುತ್ತಮುತ್ತಲ ಕೇರಿಗಳಲ್ಲಿ ನಾನೂ ಹಂಚಿದ್ದೀನಿ. ಒಂದೇ ಪುಸ್ತಕದ ಐವತ್ತು ಪ್ರತಿ ತರೋದು, ಬಂದವರಿಗೆಲ್ಲ ಕೊಡೋದು, ಫೋಟೋ ತೆಗೆಸಿ ಇಲ್ಲಿ ಹಾಕೋದು. ಮೊನ್ನೆ ಅಂಥದ್ದೊಂದು ಮನೆಗೆ ಹೋಗಿದ್ದೆ. ನಾನೇ ಕೊಟ್ಟಿದ್ದ 'ಜಾತಿ ವಿನಾಶ' ಬಾಬಾಸಾಹೇಬರ ಫೋಟೋ ಕೆಳಗೆ ಇತ್ತು. ಮೇಲೆ ಅರಿಶಿನ ಕುಂಕುಮ. ಒಳಗಿನ ಹಾಳೆಗಳು ಬಿಡಿಸಿಯೇ ಇರಲಿಲ್ಲ.

ತಪ್ಪು ಆ ಮನೆಯವರದ್ದಲ್ಲ, ನಂದು. ಆ ಮನೆಯಲ್ಲಿ ಯಾರು ಓದ್ತಾರೆ, ಏನು ಓದ್ತಾರೆ ಅಂತ ನಾನು ಕೇಳಿಯೇ ಇರಲಿಲ್ಲ.

ಇನ್ನೊಂದು ಮಾತು. ಪಿಯುಸಿ ಓದೋ ನಮ್ಮ ಕೇರಿಯ ಹುಡುಗಿಗೆ ಎರಡು ದಲಿತ ಆತ್ಮಕತೆ ಕೊಟ್ಟಿದ್ದೆ. ಒಂದು ವಾರಕ್ಕೆ ವಾಪಸ್ ತಂದ್ಲು. "ಚೆನ್ನಾಗಿದೆ ಅಣ್ಣ. ಆದ್ರೆ ಇದೆಲ್ಲ ನಂಗೆ ಗೊತ್ತು. ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಕೊಡಿ" ಅಂದ್ಲು. ಆವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ. ನಮ್ಮ ಮಕ್ಕಳಿಗೆ ನಾವು ಅವರ ನೋವನ್ನೇ ಪ್ರಿಂಟ್ ಹಾಕಿಸಿ ತಿರುಗಾ ಅವರ ಕೈಗೆ ಕೊಡ್ತಾ ಇದ್ದೀವಾ? ಬಾಬಾಸಾಹೇಬರು ಬರೀ ಅಸ್ಪೃಶ್ಯತೆ ಬಗ್ಗೆ ಓದಿ ಬರೆದವರಾ? 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ತಂದವರು ಅವರು. ಜಗತ್ತಿನ ಯಾವ ಕಪಾಟೂ ನಮ್ಮದಲ್ಲ ಅಂತ ಅವರು ಅಂದುಕೊಳ್ಳಲಿಲ್ಲ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದಾಗ ರಾಜ್ಯಾನೇ ಹೊತ್ತಿ ಉರೀತು, ಮಂತ್ರಿಗಿರಿ ಹೋಯ್ತು. ಆ ಗಲಾಟೆಯಲ್ಲಿ ಏಟು ತಿಂದ ಹುಡುಗರಿಂದಲೇ ಮುಂದೆ ದಲಿತ ಚಳವಳಿ ಬೆಳೀತು. ನಾನು ಆ ಮಾತನ್ನ ಅರ್ಥ ಮಾಡ್ಕೊಳ್ಳೋದು ಹೀಗೆ: ಓದಬೇಡಿ ಅಂತಲ್ಲ, ಈ ಪುಸ್ತಕದಲ್ಲಿ ನಮ್ಮ ಹೊಟ್ಟೆಗೆ ಏನಿದೆ ಅಂತ ಕೇಳಿ. ಇವತ್ತು ಆ ಪ್ರಶ್ನೆ ನಮಗೂ ಕೇಳ್ಕೋಬೇಕು. ಯಾರ ಹಸಿವು ಏನು ಅಂತ ನೋಡದೆ ಎಲ್ಲರ ಮುಂದೆ ಒಂದೇ ಪುಸ್ತಕ ಸುರಿದರೆ ಅದೂ ಬೂಸಾನೇ.

ಅದಕ್ಕೇ ಈಗ ನಾನು ಆಳು ನೋಡಿ ಪುಸ್ತಕ ಕೊಡ್ತೀನಿ. ನನ್ನ ಅನುಭವ ಹೇಳ್ತೀನಿ.

ಆ ಪಿಯುಸಿ ಹುಡುಗಿಗೆ ಎಚ್. ನರಸಿಂಹಯ್ಯನವರ 'ಹೋರಾಟದ ಹಾದಿ' ಕೊಟ್ಟೆ. ನಮ್ಮ ಗೌರಿಬಿದನೂರು ತಾಲೂಕಿನ ಹೊಸೂರಿನವರು. ಬಡತನದಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಓದಿದ ಹುಡುಗ, ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪವಾಡದ ಬಾಬಾಗಳನ್ನ ಪರೀಕ್ಷೆಗೆ ಬನ್ನಿ ಅಂತ ಕರೆದ ಕತೆ. ಅವಳು ಈಗ ಫಿಸಿಕ್ಸ್ ತಗೊಳ್ತೀನಿ ಅಂತಿದ್ದಾಳೆ. ಪುಸ್ತಕದಿಂದಲೇ ಅಂತ ನಾನು ಹೇಳಲ್ಲ. ಹೊಸೂರು ನಮ್ಮ ಪಕ್ಕದಲ್ಲೇ ಇದೆ ಅನ್ನೋದು ಅವಳಿಗೆ ದೊಡ್ಡದಾಗಿ ಕಾಣ್ತು, ಅಷ್ಟೇ.

ಓದು ಅಂದ್ರೆ ಓಡಿಹೋಗೋ, ಕೆರೆ ಗುಡ್ಡ ಅಂತ ತಿರುಗೋ ಹುಡುಗರಿಗೆ ತೇಜಸ್ವಿಯವರ 'ಕರ್ವಾಲೋ'. ಊರೆಲ್ಲ ದಂಡಪಿಂಡ ಅನ್ನೋ ಮಂದಣ್ಣನಲ್ಲಿ ಒಬ್ಬ ವಿಜ್ಞಾನಿ ದೊಡ್ಡ ತಿಳಿವಳಿಕೆ ಕಾಣ್ತಾನೆ. ಮಾರ್ಕ್ಸ್ ಕಾರ್ಡಲ್ಲಿ ಸೋತ ಹುಡುಗನಿಗೆ ಇದಕ್ಕಿಂತ ಒಳ್ಳೆ ಮಾತು ಇನ್ಯಾವುದು?

ಐದು, ಆರನೇ ಕ್ಲಾಸಿನ ಮಕ್ಕಳಿಗೆ 'ತೊತ್ತೊ ಚಾನ್'. ಜಪಾನಿನ ಪುಸ್ತಕ. ಒಂದು ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ರೈಲು ಬೋಗಿಗಳೇ ಕ್ಲಾಸ್ ರೂಮ್ ಆಗಿರೋ ಶಾಲೆಗೆ ಸೇರ್ತಾಳೆ. ದಿನಾ ನಮ್ಮ ಸ್ಟೇಷನ್ನಿನಲ್ಲಿ ರೈಲು ನೋಡೋ ಮಕ್ಕಳಿಗೆ ಹೇಳಿ ನೋಡಿ, ಕಣ್ಣು ಹೇಗೆ ಅರಳುತ್ತೆ ಅಂತ.

ಬೆಳಗ್ಗೆ ಬೆಂಗಳೂರಿಗೆ ಕೆಲಸಕ್ಕೆ ರೈಲು ಹತ್ತೋ ಹುಡುಗರಿಗೆ ಅಂಬೇಡ್ಕರ್ ಅವರ 'ವೆಯ್ಟಿಂಗ್ ಫಾರ್ ಎ ವೀಸಾ'. ಕನ್ನಡದಲ್ಲೂ ಇದೆ, ಪುಟ್ಟ ಪುಸ್ತಕ, ಹೋಗಿ ಬರೋದರೊಳಗೆ ಮುಗಿಯುತ್ತೆ. 1901ರಲ್ಲಿ ಮಸೂರು ಅನ್ನೋ ಸ್ಟೇಷನ್ನಿನಲ್ಲಿ ಒಳ್ಳೆ ಬಟ್ಟೆ ಹಾಕ್ಕೊಂಡು ಇಳಿದ ಮಕ್ಕಳು. ಜಾತಿ ಗೊತ್ತಾದ ತಕ್ಷಣ ಸ್ಟೇಷನ್ ಮಾಸ್ಟರ್ ಮುಖ ಬದಲಾಗುತ್ತೆ. ಯಾರೂ ಗಾಡಿಗೆ ಹತ್ತಿಸಿಕೊಳ್ಳಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೀಬೇಕು, ಗಾಡಿಯವನು ಜೊತೆಗೆ ನಡೆದು ಬರ್ತಾನೆ. ಪ್ಲಾಟ್‌ಫಾರಮ್ಮಿನ ಬೆಂಚಲ್ಲಿ ಕೂತು ಓದಿದರೆ ಅದರ ತೂಕವೇ ಬೇರೆ.

ಅಕ್ಷರ ಬಾರದ ಅವ್ವಂದಿರಿಗೆ? ಓದಿ ಹೇಳಿ. ದೇವನೂರರ 'ಒಡಲಾಳ' ಸಾಕವ್ವನ ಕಳೆದುಹೋದ ಹುಂಜದ ಕತೆ. ನಮ್ಮ ಮನೆಗಳಲ್ಲಿ ತೆಲುಗು ಬೆರೆತ ಮಾತು, ಅದು ಮೈಸೂರು ಸೀಮೆ ಮಾತು. ಅರ್ಥ ಆಗಲ್ವೇನೋ ಅಂತ ಹೆದರಿದ್ದೆ. ಮೂರನೇ ದಿನ ನಮ್ಮಜ್ಜಿ ಬಾಗಿಲಲ್ಲೇ ಹಿಡ್ಕೊಂಡು "ಆ ಹುಂಜ ಸಿಕ್ತಾ?" ಅಂತ ಕೇಳಿದ್ಲು. ಗುರ್ರಂ ಜಾಷುವಾ ಅವರ 'ಗಬ್ಬಿಲಂ' ಕೂಡ ಹಾಗೇ. ಅಸ್ಪೃಶ್ಯನೊಬ್ಬ ತನ್ನ ಅಳಲನ್ನ ಕಾಶಿಯ ಶಿವನಿಗೆ ಬಾವಲಿಯ ಕೈಲಿ ಹೇಳಿ ಕಳಿಸೋ ತೆಲುಗು ಕಾವ್ಯ. ತೆಲುಗು ಓದೋಕೆ ಬರೋರು ಸಿಕ್ಕರೆ ಬಿಡಬೇಡಿ.

ಸಂಘದ ಹೆಣ್ಣುಮಕ್ಕಳಿಗೆ ಬಾನು ಮುಷ್ತಾಕ್ ಕತೆಗಳು. 2025ರ ಇಂಟರ್‌ನ್ಯಾಷನಲ್ ಬೂಕರ್ ಬಂತು ಅಂತಲ್ಲ, ಮನೆಯೊಳಗಿನ ದಬ್ಬಾಳಿಕೆ ಯಾವ ಜಾತಿ, ಯಾವ ಧರ್ಮದಲ್ಲೂ ಒಂದೇ ಥರ ಅಂತ ಅವರೇ ಹೇಳ್ತಾರೆ ಓದಿದ ಮೇಲೆ.

ಫ್ಯಾಕ್ಟರಿ ಗೇಟಲ್ಲಿ ನಿಲ್ಲೋ ಗೆಳೆಯರಿಗೆ ನಿರಂಜನರ 'ಚಿರಸ್ಮರಣೆ', ಕಯ್ಯೂರಿನ ರೈತರ ಕತೆ. ಭಾಷಣ ಮಾತ್ರ ಮಾಡಿ ನಗೋದೇ ಮರೆತ ನಮ್ಮಂಥ ಕಾರ್ಯಕರ್ತರಿಗೆ ಸಿದ್ಧಲಿಂಗಯ್ಯನವರ 'ಊರು ಕೇರಿ'. ಅಷ್ಟು ಅವಮಾನ ಉಂಡ ಮನುಷ್ಯ ಹೇಗೆ ನಗಿಸ್ತಾರೆ ಅಂತ ಕಲೀಬೇಕು.

'ಜಾತಿ ವಿನಾಶ' ಯಾರಿಗೆ? "ಈಗೆಲ್ಲಿದೆ ಜಾತಿ?" ಅನ್ನೋ ನಿಮ್ಮ ಒಳ್ಳೆ ಮನಸ್ಸಿನ ಮೇಲ್ಜಾತಿ ಗೆಳೆಯನಿಗೆ. 1936ರಲ್ಲಿ ಬಾಬಾಸಾಹೇಬರು ಅದನ್ನ ಬರೆದದ್ದೇ ಅಂಥವರಿಗೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಭಾಷಣಕ್ಕೆ ಕರೆದರು, ಬರಹ ನೋಡಿ ಹಿಂದೆ ಸರಿದರು, ಅವರು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದರು. ವಿಳಾಸ ಅವರದ್ದು, ಕಾಗದ ಮಾತ್ರ ನಮ್ಮ ಮನೆಯಲ್ಲೇ ಉಳಿದಿದೆ. ನಾವೂ ಓದೋಣ. ಆದರೆ ದಯವಿಟ್ಟು ಒಂದು ಪ್ರತಿ ಊರೊಳಗೂ ಹೋಗಲಿ.

ಕೊನೆಗೆ ಕತೆಯಲ್ಲದ ಒಂದು ಪುಸ್ತಕ. ಪ್ರತಿ ಕೇರಿಯಲ್ಲೂ ಇಬ್ಬರಾದರೂ 1989ರ ದೌರ್ಜನ್ಯ ತಡೆ ಕಾಯ್ದೆಯನ್ನ ಕನ್ನಡದಲ್ಲಿ ಓದಿರಬೇಕು. ನಮ್ಮ ಜಿಲ್ಲೆಯದ್ದೇ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಬಿಡುಗಡೆಯಾದರು. 2015ರ ತಿದ್ದುಪಡಿಯಲ್ಲಿ 15ಎ ಸೆಕ್ಷನ್ ಸೇರಿತು. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ ಅಂತ ಅದರಲ್ಲಿದೆ. ಎಷ್ಟು ಜನರಿಗೆ ಗೊತ್ತು? ಇದನ್ನ ಓದದೆ ಇದ್ದರೆ ಬೆಲೆ ತೆರೋದು ಓದದವನೊಬ್ಬನೇ ಅಲ್ಲ, ಇಡೀ ಕೇರಿ.

ದುಡ್ಡೆಲ್ಲಿಂದ ಅಂತೀರಾ? ಆಸ್ತಿ ತೆರಿಗೆ ಜೊತೆಗೆ ಗ್ರಂಥಾಲಯ ಕರ ಕಟ್ತಾನೇ ಇದ್ದೀವಿ. ಪಂಚಾಯತಿ ಗ್ರಂಥಾಲಯ ಈಗ ಅರಿವು ಕೇಂದ್ರ. ಮುಂದಿನ ಗ್ರಾಮಸಭೆಗೆ ಚರಂಡಿ, ಬೀದಿದೀಪದ ಜೊತೆ ಹತ್ತು ಪುಸ್ತಕದ ಪಟ್ಟಿನೂ ತಗೊಂಡು ಹೋಗಿ. ಬೀಗ ಹಾಕಿದ ಬೀರು ಇದ್ದರೆ ಬೀಗದ ಕೈ ಕೇಳಿ.

ಈ ಸಲ ನಾನು ಐವತ್ತು ಪ್ರತಿ ತರಲ್ಲ. ಐವತ್ತು ಜನರ ಹೆಸರು ಬರ್ಕೊಂಡು, ಒಬ್ಬೊಬ್ಬರ ಎದುರಿಗೆ ಒಂದೊಂದು ಪುಸ್ತಕ ಬರೀತೀನಿ. ನೀವೂ ಒಬ್ಬರಿಂದ ಶುರು ಮಾಡಿ. ಕೊಟ್ಟು ಬರಬೇಡಿ, ತಿಂಗಳು ಬಿಟ್ಟು ಹೋಗಿ "ಹೆಂಗಿತ್ತು?" ಅಂತ ಕೇಳಿ. ಇಷ್ಟ ಆಗಲಿಲ್ಲ ಅಂದ್ರೆ ಬೇಜಾರು ಬೇಡ, ಇನ್ನೊಂದು ಕೊಡಿ.

ಜೈ ಭೀಮ್.